ಮೀಸೆ ಮತ್ತು ದಿಂಬು

ಅಗ್ನಿಯಾ ಲ್ವೋವ್ನಾ ಧೂಳನ್ನು ಕಂಡುಹಿಡಿದಿದ್ದಾಳೆ ಎಂಬ ಮಾತು ಸೈಬೀರಿಯಾದ ವಿಜ್ಞಾನಿಗಳ ಊರಾದ ಅಕಾದೆಮ್‌ಗೊರೊದೊಕ್‌ನಲ್ಲಿ ಹುಟ್ಟಿದ್ದು ಒಂದು ಬುಧವಾರದ ಸೆಮಿನಾರಿನಲ್ಲಿ. ಸಂಜೆಯೊಳಗೆ ಅದು ಕ್ಯಾಂಟೀನು ತಲುಪಿತು, ಮರುದಿನ ಬ್ರೆಡ್ಡಿನಂಗಡಿಯ ಸಾಲು ತಲುಪಿತು. ವಾರ ಕಳೆಯುವಷ್ಟರಲ್ಲಿ, ಪ್ಲಾಸ್ಮಾ ಎಂದರೇನೆಂದು ಗೊತ್ತಿಲ್ಲದ ಸಸ್ಯಶಾಸ್ತ್ರದವರೂ ಅವಳನ್ನು ಕಂಡರೆ ತುಟಿ ಕಚ್ಚಿ ನಗು ತಡೆದುಕೊಳ್ಳತೊಡಗಿದರು.

"ಅಗ್ನಿಯಾ, ನಮ್ಮನೆ ಸೋಫಾ ಕೆಳಗೂ ಒಂದು ಆವಿಷ್ಕಾರ ಬಿದ್ಕೊಂಡಿದೆ ಕಣೇ. ಬಿಡುವಾದಾಗ ಬಂದು ನೋಡ್ಕೊಂಡು ಹೋಗು" ಎಂದು ಹಳೆಯ ಸಹಪಾಠಿಯೊಬ್ಬ ಕೈಯಲ್ಲಿ ಸೂಪಿನ ತಟ್ಟೆ ಹಿಡಿದೇ ಕೂಗಿದ್ದ.

ಸೆಮಿನಾರಿನಲ್ಲಿ ಧೂಳಿನ ಆ ಮೊದಲ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅವಳು ಕೊಡವಿಕೊಂಡು ಹೋಗುತ್ತಿದ್ದಳು. ಆಡಿದವರು ಇನ್ನೊಕೆಂತಿ ಪ್ಲತೋನೊವಿಚ್ ವರಾಕ್ಸಿನ್. ಸೈಬೀರಿಯಾದಲ್ಲೇ ಅವರಂಥ ಸಿದ್ಧಾಂತಿ ಇನ್ನೊಬ್ಬರಿರಲಿಲ್ಲ. ಅವರು ಸೆಮಿನಾರಿಗೆ ಬಂದು ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತರೆ ಮಾತಾಡಬೇಕಾದವರಿಗೆ ಬಾಯಿ ಒಣಗುತ್ತಿತ್ತು. ಅಗ್ನಿಯಾಗೆ ಅವರು ಅದಕ್ಕಿಂತ ಹೆಚ್ಚು. ಟ್ರಾಮ್ ಓಡಿಸುವವಳ ಮಗಳಾಗಿ, ಎರಡು ಜಡೆ ಹಾಕಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದಿದ್ದ ಹುಡುಗಿಗೆ ಭೌತಶಾಸ್ತ್ರದ ರುಚಿ ಹತ್ತಿಸಿದವರೇ ಅವರು.

ಅವಳ ಪ್ರಯೋಗ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. ಹಾಲಿನ ಟ್ಯಾಂಕರಿನಷ್ಟು ದೊಡ್ಡದೊಂದು ಉಕ್ಕಿನ ಪೀಪಾಯಿ. ಒಳಗಿನ ಗಾಳಿಯನ್ನೆಲ್ಲ ಪಂಪು ಹೀರಿ ತೆಗೆದಿರುತ್ತದೆ. ಪೀಪಾಯಿಯ ಎರಡು ತುದಿಗೆ ಎರಡು ಕೋವಿ, ಮುಖಾಮುಖಿ. ಗುಂಡಿ ಒತ್ತಿದರೆ ಎರಡೂ ಒಟ್ಟಿಗೇ ಸಿಡಿದು ಪ್ಲಾಸ್ಮಾ ಉಗುಳುತ್ತವೆ. ಬೆಂಕಿಗಿಂತ ಎಷ್ಟೋ ಪಾಲು ಬಿಸಿಯಾದ, ತನ್ನ ಅಣುಪರಮಾಣುಗಳೇ ಹರಿದುಹೋಗಿ ಹೊಳೆಯುವ ಅನಿಲ ಅದು. ಪ್ರತಿ ಕೋವಿಯ ಬಾಯಲ್ಲೂ ತಾಮ್ರದ ಸುರುಳಿಯಿದೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಹುಟ್ಟುತ್ತದೆ, ಪ್ಲಾಸ್ಮಾ ಅದನ್ನು ಮೈಮೇಲೆ ಅಡ್ಡಲಾಗಿ ಹೊತ್ತುಕೊಂಡೇ ಓಡುತ್ತದೆ. ಸೂರ್ಯನ ಮೇಲೆ, ಭೂಮಿಯಾಚೆಯ ಬಯಲಿನಲ್ಲಿ ಇಂಥ ಹರಿವುಗಳು ಸದಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಅಲ್ಲಿ ಹೋಗಿ ನೋಡುವಂತಿಲ್ಲ. ಪೀಪಾಯಿಯಲ್ಲಿ ನೋಡಬಹುದು.

ನೋಡಿದರೆ ಏನು ಕಾಣಬೇಕು? ಏನೂ ಕಾಣಬಾರದು ಎಂದು ವರಾಕ್ಸಿನ್ ಹತ್ತು ವರ್ಷ ಹಿಂದೆಯೇ ಬರೆದು ಮುಗಿಸಿದ್ದರು. ಹರಿವುಗಳು ಎಷ್ಟು ತೆಳುವೆಂದರೆ ಒಂದರ ಕಣ ಇನ್ನೊಂದರ ಕಣಕ್ಕೆ ತಾಗುವುದೇ ಇಲ್ಲ. ಎದುರುಬದುರು ಹಾರುವ ಎರಡು ಹಕ್ಕಿಗುಂಪುಗಳಂತೆ ಒಂದರೊಳಗಿಂದ ಒಂದು ದಾಟಿಹೋಗುತ್ತವೆ. ಆದರೆ ಅಗ್ನಿಯಾಳ ಫೋಟೋಗಳಲ್ಲಿ ಪೀಪಾಯಿಯ ನಟ್ಟನಡುವೆ ಹೊಳೆಯುವ ಗೋಡೆಯೊಂದು ಎದ್ದು ನಿಂತಿತ್ತು. ಹರಿವುಗಳು ದಾಟುತ್ತಿಲ್ಲ, ಅವು ಹೊತ್ತು ತಂದ ಕಾಂತಕ್ಷೇತ್ರಗಳೇ ಒಂದನ್ನೊಂದು ತಡೆದು ನಿಲ್ಲಿಸುತ್ತಿವೆ ಎಂದು ಅವಳು ಆ ಬುಧವಾರ ಹೇಳಿದ್ದಳು.

ವರಾಕ್ಸಿನ್ ಕೂತಲ್ಲೇ ಕೇಳಿದ್ದರು: "ನಿಮ್ಮ ಪಂಪು ಎಣ್ಣೇದಾ?"

"ಹೌದು."

"ಪೀಪಾಯಿ ಗೋಡೆ ಒರೆಸಿ ಎಷ್ಟು ದಿನ ಆಯ್ತು?"

"ತಿಂಗಳಾಗಿರಬಹುದು."

"ಹಾಗಾದ್ರೆ ಎಣ್ಣೆಯ ಆವಿ, ಗೋಡೆಯ ಕೊಳೆ ಎಲ್ಲ ಎದ್ದು ನಡುವೆ ನೇತಾಡ್ತಿದೆ. ಹರಿವು ತಾಗಿದಾಗ ಅದು ಹೊಳೆಯುತ್ತೆ, ಅಷ್ಟೆ." ಅವರು ಸಭೆಯ ಕಡೆ ತಿರುಗಿ ಕೈ ಅಗಲಿಸಿದರು. "ಸಂಗಾತಿಗಳೇ, ಅಗ್ನಿಯಾ ಲ್ವೋವ್ನಾ ಧೂಳನ್ನು ಕಂಡುಹಿಡಿದಿದ್ದಾರೆ. ಅಭಿನಂದನೆ."

ಸುರುಳಿಗಳ ವಿದ್ಯುತ್ ತೆಗೆದುಹಾಕಿದರೆ ಗೋಡೆ ಮಾಯವಾಗುತ್ತದೆ ಎಂದು ತೋರಿಸಲು ಅವಳು ಇನ್ನೊಂದು ಫೋಟೋ ಎತ್ತಿ ಹಿಡಿದಳು. ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಿತ್ತು: "ಕಾಂತಕ್ಷೇತ್ರ ತೆಗೆದ್ರೆ ಹರಿವು ಹರಡಿ ತೆಳ್ಳಗಾಗುತ್ತೆ. ತೆಳ್ಳಗಾದ್ರೆ ಧೂಳೂ ಕಮ್ಮಿ ಏಳುತ್ತೆ. ಕೂತ್ಕೊಳ್ಳಿ." ಅವಳು ಕೂತಳು.

ಆಮೇಲೆ ಒಂದಿಡೀ ಚಳಿಗಾಲ ಪೀಪಾಯಿ ತೊಳೆಯುವುದರಲ್ಲೇ ಹೋಯಿತು. ಅವಳ ಜತೆಗಿದ್ದವನು ದಾಶಿ ತ್ಸಿರೇನೊವ್, ಬುರ್ಯಾತ್ ಹಳ್ಳಿಯೊಂದರಿಂದ ಬಂದ ಇಂಜಿನಿಯರ್. ಕೋವಿಗಳನ್ನು ಕಟ್ಟಿದವನು ಅವನೇ. ಬೈಕಲ್ ಸರೋವರದ ಆಚೆಯ ತನ್ನೂರಿನಲ್ಲಿ ಇದಕ್ಕಿಂತ ಚಳಿ ಎಂದು ಪ್ರತಿದಿನ ಹೇಳಿ ಪ್ರತಿದಿನ ನಡುಗುತ್ತಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಅಗ್ನಿಯಾ ಸೊಂಟದವರೆಗೆ ಪೀಪಾಯಿಯೊಳಗೆ ಬಾಗಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಳಗೋಡೆ ಉಜ್ಜುತ್ತಿದ್ದಳು. ಎಷ್ಟು ಉಜ್ಜಿದರೂ ವರಾಕ್ಸಿನ್ ಇನ್ನೂ ಕೊಳೆಯಿದೆ ಅನ್ನುತ್ತಾರೆ. ಇಲ್ಲ ಎಂದು ಸಾಧಿಸುವುದು ಹೇಗೆ? ಧೂಳು ಇದ್ದರೆ ಇರಲಿ. ಇದ್ದರೂ ಅದಕ್ಕೆ ಗೊತ್ತಾಗದೆ ಉಳಿಯುವಂಥದ್ದು ಏನಿದೆ? ಕೈ ನಿಂತಿತು. ಒಂದು ಕಡೆಯ ಸುರುಳಿಯ ತಂತಿಗಳನ್ನು ಅದಲುಬದಲು ಮಾಡಿದರೆ? ಕ್ಷೇತ್ರದ ಬಲ ಅಷ್ಟೇ ಇರುತ್ತದೆ, ಹರಿವು ಅಷ್ಟೇ ದಪ್ಪ ಇರುತ್ತದೆ, ಕೊಳೆಯೂ ಅಷ್ಟೇ ಏಳುತ್ತದೆ. ಬದಲಾಗುವುದು ಕ್ಷೇತ್ರದ ದಿಕ್ಕು ಮಾತ್ರ.

"ಧೂಳಿಗೆ ದಿಕ್ಕು ಗೊತ್ತಿಲ್ಲ!" ಎಂದು ಅವಳು ಚೀರಿದಳು. ಪೀಪಾಯಿ ಗಂಟೆಯಂತೆ ಮೊಳಗಿತು.

ದಾಶಿ ಓಡಿಬಂದ. "ಏನಾಯ್ತು ಮಾರಾಯ್ತಿ? ತಲೆಗೆ ಹೊಡ್ಕೊಂಡ್ಯಾ?"

"ಎಡಗಡೆ ಸುರುಳಿ ಬಿಚ್ಚು. ತಂತಿ ತಿರುಗಿಸಿ ಹಾಕು. ಈಗ್ಲೇ!"

"ಸ್ಪಿರಿಟ್ ವಾಸನೆ ತಲೆಗೇರಿದೆ ನಿಂಗೆ" ಎನ್ನುತ್ತಲೇ ಅವನು ಸ್ಪ್ಯಾನರ್ ತೆಗೆದುಕೊಂಡ.

ಎರಡು ಕ್ಷೇತ್ರಗಳೂ ಒಂದೇ ದಿಕ್ಕಿಗಿದ್ದಾಗ ಕಾಣುತ್ತಿದ್ದುದು ಅವಳಿಗೆ ಪರಿಚಿತವಾದ ದಪ್ಪ ಗೋಡೆ. ಎರಡು ದಿಂಬುಗಳನ್ನು ಒಂದಕ್ಕೊಂದು ಒತ್ತಿ ಹಿಡಿದ ಹಾಗೆ, ನಡುವೆ ಮಸುಕು, ಎರಡು ಮಗ್ಗುಲಲ್ಲಿ ಬೆಳಕು. ತಂತಿ ತಿರುಗಿಸಿದ ಮೇಲೆ ತೊಳೆದ ಫಿಲ್ಮಿನಲ್ಲಿ ಮೂಡಿದ್ದು ಬೇರೆಯೇ. ಎದುರು ದಿಕ್ಕಿನ ಕ್ಷೇತ್ರಗಳು ಪರಸ್ಪರ ತಾಗಿ ಕರಗಿ ಹೋಗಿದ್ದವು. ಗೋಡೆ ದಾರದಷ್ಟು ತೆಳ್ಳಗಾಗಿತ್ತು, ಮತ್ತು ಅದರ ಮೇಲಿನ ತುದಿಯಿಂದ, ಕೆಳಗಿನ ತುದಿಯಿಂದ ಎರಡು ಚೂಪಾದ ಬೆಳಕಿನ ಚಿಲುಮೆಗಳು ಹೊರಕ್ಕೆ ಚಿಮ್ಮಿದ್ದವು. ಕರಗಿದ ಕ್ಷೇತ್ರದ ಬಲವೆಲ್ಲ ಪ್ಲಾಸ್ಮಾದ ಓಟವಾಗಿ ಹೊರಬಿದ್ದಿತ್ತು. ಫಿಲ್ಮನ್ನು ಅಡ್ಡ ಹಿಡಿದು ನೋಡಿದ ದಾಶಿ ನಗತೊಡಗಿದ.

"ನಮ್ಮ ದೊಡ್ಡಪ್ಪನ ಮೀಸೆ ನೋಡ್ದಂಗಾಯ್ತು."

ಅಂದಿನಿಂದ ಪ್ರಯೋಗಶಾಲೆಯಲ್ಲಿ ಅವುಗಳಿಗೆ ಅದೇ ಹೆಸರು. ಒಂದೇ ದಿಕ್ಕಾದರೆ ದಿಂಬು, ಎದುರು ದಿಕ್ಕಾದರೆ ಮೀಸೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಪೀಪಾಯಿ ಇಟ್ಟಿದ್ದ ದೊಡ್ಡ ಕೋಣೆಯನ್ನು, ಆ ಹಾಲನ್ನು, ಲೋಹಗಳಿಗೆ ಕಿಡಿ ಹಾಯಿಸುವ ಗುಂಪಿಗೆ ಕೊಡಬೇಕೆಂದು ಸಂಸ್ಥೆ ಯೋಚಿಸುತ್ತಿದೆಯೆಂಬ ಸುದ್ದಿ ಬಂತು. ಉಪನಿರ್ದೇಶಕಿ ಸೆರಾಫಿಮಾ ಗ್ರಿಗೊರ್ಯೆವ್ನಾ ನೇರ ಮಾತಿನ ಹೆಂಗಸು, ರಸಾಯನಶಾಸ್ತ್ರದವರು.

"ಲೋಹದವರು ಕಾರ್ಖಾನೆಗೆ ಉಪಯೋಗ ಆಗೋದನ್ನ ಮಾಡ್ತಿದಾರೆ. ನೀವು ಧೂಳು ಹೊಡೀತಿದೀರಿ ಅಂತ ಊರೆಲ್ಲ ಹೇಳ್ತಿದೆ. ನಾನೇನ್ ಮಾಡ್ಲಿ ಹೇಳಿ" ಎಂದರು.

ಮುಂದಿನ ಸೆಮಿನಾರಿನಲ್ಲಿ ಅಗ್ನಿಯಾ ಎದ್ದು ನಿಂತಳು. ಮೀಸೆ, ದಿಂಬುಗಳ ಫೋಟೋಗಳನ್ನು ತೋರಿಸಿದಳು. ವರಾಕ್ಸಿನ್ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಆದ್ರೆ ಮೀಸೆ ಹುಡುಕೋರಿಗೆ ಮೋಡದಲ್ಲೂ ಮೀಸೆ ಕಾಣುತ್ತೆ. ಯಾವ ಸಲ ತಂತಿ ತಿರುಗಿಸಿದ್ರಿ ಅಂತ ನಿಮಗೆ ಮೊದಲೇ ಗೊತ್ತಿತ್ತು. ನೂರು ಫೋಟೋದಲ್ಲಿ ನಿಮಗೆ ಬೇಕಾದ್ದನ್ನ ಆರಿಸಿಕೊಂಡಿದೀರಿ."

"ಹಾಗಾದ್ರೆ ತಂತಿ ನೀವೇ ಹಾಕಿ" ಎಂದಳು ಅಗ್ನಿಯಾ.

"ಏನಂದ್ರಿ?"

"ಸುರುಳಿಗಳ ತಂತಿ ಸೇರಿಸೋ ಕೋಣೆಗೆ ನೀವು ಹೋಗಿ. ನಿಮಗೆ ಹೇಗೆ ಬೇಕೋ ಹಾಗೆ ತಂತಿ ಸೇರಿಸಿ. ನನಗೆ ಹೇಳ್ಬೇಡಿ. ನಾನು ಹೊರಗಿಂದ ಹೊಡೀತೀನಿ, ಫಿಲ್ಮ್ ಮಾತ್ರ ನೋಡ್ತೀನಿ, ನೀವು ಏನು ಮಾಡಿದ್ರಿ ಅಂತ ಎಲ್ಲರ ಮುಂದೆ ಹೇಳ್ತೀನಿ. ಒಂದು ಸಲ ತಪ್ಪಿದ್ರೂ ಹಾಲಿನ ಬೀಗದ ಕೈ ಸೆರಾಫಿಮಾ ಗ್ರಿಗೊರ್ಯೆವ್ನಾ ಅವರಿಗೆ ಕೊಟ್ಟು ಮನೆಗೆ ಹೋಗ್ತೀನಿ."

ಸಭೆಯಲ್ಲಿ ಯಾರೋ ಸಿಳ್ಳೆ ಹಾಕಿದರು. ಪಕ್ಕದಲ್ಲಿದ್ದ ದಾಶಿ ಅವಳ ತೋಳು ಜಗ್ಗಿದ. ವರಾಕ್ಸಿನ್ ಮಾತ್ರ ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ತಮಾಷೆಯಿರಲಿಲ್ಲ.

"ಯಾವತ್ತು?"

ಮನೆಯಲ್ಲಿ ಈ ಸುದ್ದಿ ಹೇಳಿದಾಗ ತಾಯಿ ಪೆಲಗೇಯಾ ಫೊಮಿನಿಚ್ನಾ ಅಡುಗೆಮನೆಯ ಕಿಟಕಿಯ ಬಳಿ ಪೆಲ್ಮೇನಿ ಎಂಬ ಮಾಂಸದ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಕೆಲಸದಿಂದ ನಿವೃತ್ತಳಾಗಿದ್ದರೂ ಟ್ರಾಮಿನ ಗದ್ದಲದಲ್ಲಿ ಕೂಗಿ ಮಾತಾಡಿದ ಗಂಟಲು ಇನ್ನೂ ಹಾಗೇ ಇತ್ತು.

"ಜೀವಮಾನ ಇಡೀ ನಾನು ಡಿಕ್ಕಿ ಆಗದ ಹಾಗೆ ಬಂಡಿ ಓಡ್ಸಿದೆ. ನನ್ನ ಹೊಟ್ಟೇಲಿ ಹುಟ್ಟಿದೋಳು ಬೇಕು ಬೇಕು ಅಂತ ಡಿಕ್ಕಿ ಹೊಡ್ಸೋ ಕೆಲಸ ಹಿಡಿದ್ಲು" ಎಂದು ಗದರಿ, ಕೊಂಚ ಹೊತ್ತಿನ ಮೇಲೆ, "ಸೋತ್ರೆ ಏನ್ ಮಾಡ್ತೀಯ?" ಎಂದಳು.

"ಗೊತ್ತಿಲ್ಲ ಅಮ್ಮ."

"ಸೋಲೋ ಹಾಗೆ ಕಾಣಲ್ಲ ನೀನು. ಸೋಲೋರು ಹಿಂಗೆ ಹಸಿ ಹಿಟ್ಟು ತಿನ್ನಲ್ಲ. ಕೈ ತೆಗಿ ಅಲ್ಲಿಂದ."

ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಕೋವಿಗಳು ಕೈಕೊಟ್ಟವು. ಹೊಡೆದಾಗಲೆಲ್ಲ ಡಿಕ್ಕಿ ಪೀಪಾಯಿಯ ನಡುವೆ ಆಗದೆ ಎಡಕ್ಕೆ ಸರಿದು ಆಗುತ್ತಿತ್ತು. ಎಡಗಡೆಯ ಕೋವಿ ಒಂದು ಕೂದಲೆಳೆಯಷ್ಟು ತಡವಾಗಿ ಸಿಡಿಯುತ್ತಿತ್ತು. ಎರಡಕ್ಕೂ ಬೇರೆಬೇರೆ ಕಿಡಿಯಿಂದ ಚಾಲನೆ ಕೊಡುವ ಬದಲು ಒಂದೇ ಕಿಡಿಯಿಂದ ಕೊಡೋಣ, ತಂತಿಗಳನ್ನು ಸಮ ಉದ್ದಕ್ಕೆ ಕತ್ತರಿಸೋಣ ಎಂದು ಅಗ್ನಿಯಾ ತೀರ್ಮಾನಿಸಿದಳು. ದಾಶಿ ಗೊಣಗುತ್ತ ಕತ್ತರಿಸಿದ. ಗೋಡೆ ನಡುವಿಗೆ ಬಂದು ನಿಂತಿತು. ಆದರೂ ಒಮ್ಮೊಮ್ಮೆ, ಯಾವಾಗ ಎಂದು ಹೇಳಲಾಗದ ಹಾಗೆ, ಎಡಗಡೆಯದು ಹಟ ಮಾಡುತ್ತಲೇ ಇತ್ತು.

ಗೊತ್ತಾದ ದಿನ ಬಂತು. ಏಪ್ರಿಲ್ ಮೊದಲ ವಾರ. ಓಬ್ ಜಲಾಶಯದ ಮೇಲಿನ ಮಂಜುಗಡ್ಡೆ ಕಪ್ಪಿಡತೊಡಗಿತ್ತು, ಕಾಡಿನ ದಾರಿಯಲ್ಲಿ ಮಾತ್ರ ಹಿಮ ಇನ್ನೂ ಜಾರುವಷ್ಟಿತ್ತು. ವರಾಕ್ಸಿನ್ ಎಂದಿನಂತೆ ಸ್ಕೀ ಮೇಲೆ ಬಂದು, ಅವನ್ನು ಹಾಲಿನ ಬಾಗಿಲ ಪಕ್ಕ ಒರಗಿಸಿ, ಟೊಪ್ಪಿಗೆ ತೆಗೆದು ಒಳಗೆ ಬಂದರು. ಹಾಲು ಕಿಕ್ಕಿರಿದಿತ್ತು. ಸಸ್ಯಶಾಸ್ತ್ರದವರೂ ಬಂದಿದ್ದರು.

ಸುರುಳಿಗಳ ತಂತಿ ಸೇರಿಸುವ ಕೋಣೆ ಕಬ್ಬಿಣದ ಬಾಗಿಲಿನ ಹಿಂದಿತ್ತು. ಸಾಕ್ಷಿಯಾಗಿ ಸೆರಾಫಿಮಾ ಗ್ರಿಗೊರ್ಯೆವ್ನಾ ವರಾಕ್ಸಿನ್ ಜತೆ ಒಳಗಿರಬೇಕೆಂದು ಆಯಿತು. ದಾಶಿ ಇಬ್ಬರಿಗೂ ಒಮ್ಮೆ ಎಲ್ಲ ತೋರಿಸಿ, ತಾಮ್ರದ ಕೊಕ್ಕೆಯಿರುವ ಉದ್ದನೆಯ ಕೋಲು ಕೊಟ್ಟ.

"ಪ್ರತಿ ಸಲ ಮೊದಲು ಈ ಕೋಲು ಮುಟ್ಟಿಸಿ, ಉಳಿದ ವಿದ್ಯುತ್ ಭೂಮಿಗೆ ಇಳೀಬೇಕು. ಮರೆತು ಕೈ ಹಾಕಿದ್ರೆ, ಇನ್ನೊಕೆಂತಿ ಪ್ಲತೋನೊವಿಚ್, ಸಿದ್ಧಾಂತದ ಹೊಗೆ ಮಾತ್ರ ಉಳಿಯುತ್ತೆ."

"ಅದೂ ಡಿಕ್ಕಿ ಹೊಡೀದೆ ದಾಟಿಹೋಗುತ್ತೆ ಬಿಡಿ" ಎಂದು ವರಾಕ್ಸಿನ್ ಕೋಲು ತೆಗೆದುಕೊಂಡರು. ಜನ ನಕ್ಕರು. ದಾಶಿ ಹೊರಬಂದ. ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿಗೆ ಒಳಗಿಂದ ಬಾಗಿಲು ಬಡಿದ ಸದ್ದು. ಅದು ಸಿದ್ಧ ಎಂಬುದರ ಗುರುತು. ದಾಶಿ ಕೆಪಾಸಿಟರ್‌ಗಳಿಗೆ ವಿದ್ಯುತ್ ತುಂಬಿದ. ಗೋಡೆಯುದ್ದಕ್ಕೂ ಜೋಡಿಸಿದ್ದ ಆ ಪೆಟ್ಟಿಗೆಗಳು ಗುಂಯ್‌ಗುಟ್ಟತೊಡಗಿದವು. ಎಚ್ಚರಿಕೆಯ ಗಂಟೆ ಮೊಳಗಿತು. ಅಗ್ನಿಯಾ ಗುಂಡಿ ಒತ್ತಿದಳು. ಪಟಾರನೆ ಸಿಡಿದ ಸದ್ದಿಗೆ ಹಿಂದಿನ ಸಾಲಿನಲ್ಲಿ ಯಾರೋ ಬೆಚ್ಚಿ ಬೈದುಕೊಂಡರು. ಅವಳು ಕ್ಯಾಮೆರಾದಿಂದ ಫಿಲ್ಮ್ ತೆಗೆದು ಕತ್ತಲೆಕೋಣೆಗೆ ಹೋಗಿ, ಹಸಿಹಸಿಯಾಗಿಯೇ ತಂದು ಕಿಟಕಿಯ ಬೆಳಕಿಗೆ ಹಿಡಿದಳು.

ತೆಳು ಗೆರೆ. ಮೇಲೊಂದು ಚಿಲುಮೆ, ಕೆಳಗೊಂದು.

"ಮೀಸೆ" ಎಂದಳು ಗಟ್ಟಿಯಾಗಿ. "ಕ್ಷೇತ್ರಗಳು ಎದುರುಬದುರು."

ಬಾಗಿಲು ತೆರೆಯಿತು. ಸೆರಾಫಿಮಾ ಗ್ರಿಗೊರ್ಯೆವ್ನಾ ತಲೆ ಹೊರಹಾಕಿ, "ಸರಿ" ಎಂದರು. ಬಾಗಿಲು ಮತ್ತೆ ಮುಚ್ಚಿತು.

ಎರಡನೆಯದು ದಿಂಬು. "ಸರಿ." ಮೂರನೆಯದೂ ದಿಂಬು. ಈ ಸಲ ಬಾಗಿಲಿಗೆ ಬಂದವರು ವರಾಕ್ಸಿನ್.

"ಈ ಸಲ ನಾನು ಎರಡೂ ಸುರುಳಿ ತಿರುಗಿಸಿದ್ದೆ."

"ಎರಡನ್ನೂ ತಿರುಗಿಸಿದ್ರೆ ಮತ್ತೆ ಎರಡೂ ಒಂದೇ ದಿಕ್ಕು, ಇನ್ನೊಕೆಂತಿ ಪ್ಲತೋನೊವಿಚ್. ದಿಂಬು ದಿಂಬೇ."

"ಹ್ಞೂಂ" ಎಂದು ಅವರು ಒಳಗೆ ಹೋದರು.

ಬರುಬರುತ್ತ ಹಾಲಿನ ಗುಜುಗುಜು ಅಡಗಿತು. ಮೊದಮೊದಲು ಪ್ರತಿ "ಸರಿ"ಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಅದೂ ನಿಂತಿತು. ನಾಣ್ಯ ಚಿಮ್ಮಿ ಊಹಿಸುವವರಿಗೆ ಇಷ್ಟು ಸಲ ಸರಿಬರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸೆರಾಫಿಮಾ ಗ್ರಿಗೊರ್ಯೆವ್ನಾ "ಸರಿ" ಎನ್ನುವ ಬದಲು ಬಾಗಿಲಿನಿಂದ ತಲೆದೂಗುತ್ತ, ಹುಬ್ಬು ಮೇಲೇರಿಸುತ್ತ ಹೋದರು. ನಡುವೆ ಚಹಾಕ್ಕೆಂದು ನಿಲ್ಲಿಸಿದಾಗ ಎಲ್ಲರೂ ಎಲೆಕೋಸಿನ ಪಿರೋಗಿಗೆ ಮುಗಿಬಿದ್ದರು. ವರಾಕ್ಸಿನ್ ಮುಟ್ಟಲಿಲ್ಲ. ಕೈ ಬೆನ್ನಿಗೆ ಕಟ್ಟಿ ಪೀಪಾಯಿಯ ಸುತ್ತ ತಿರುಗುತ್ತಿದ್ದರು. ಒಮ್ಮೆ ನಿಂತು ಅದರ ಮೈಗೆ ಅಂಗೈ ಇಟ್ಟು ನೋಡಿದರು.

"ಇನ್ನೊಂದೇ ಒಂದು" ಎಂದರು ಆಮೇಲೆ. "ಅದಾದ ಮೇಲೆ ಸಾಕು."

ಈ ಸಲ ಕಬ್ಬಿಣದ ಬಾಗಿಲಿನ ಹಿಂದೆ ತುಂಬ ಹೊತ್ತು ಹಿಡಿಯಿತು. ಒಳಗೆ ಸಣ್ಣ ದನಿಯಲ್ಲಿ ವಾದ ನಡೆದಂತಿತ್ತು. ಕೊನೆಗೆ ಬಡಿದ ಸದ್ದು ಬಂತು. ಗಂಟೆ, ಗುಂಡಿ, ಸಿಡಿತ.

ಅಗ್ನಿಯಾ ಫಿಲ್ಮನ್ನು ಕಿಟಕಿಗೆ ಹಿಡಿದಳು.

ಅದು ಮೀಸೆಯಲ್ಲ. ದಿಂಬೂ ಅಲ್ಲ. ಗೋಡೆಯೇನೋ ಇತ್ತು, ಆದರೆ ನಡುವಿನಲ್ಲಿರಲಿಲ್ಲ. ಎಡಕ್ಕೆ, ಬಹಳ ದೂರ ಎಡಕ್ಕೆ ಸರಿದು ನಿಂತಿತ್ತು.

ದಾಶಿ ಭುಜದ ಮೇಲಿಂದ ಇಣುಕಿದ. ಅವನ ಮುಖ ಸಪ್ಪಗಾಯಿತು. "ಎಡಗಡೆ ಕೋವಿ ಮತ್ತೆ ತಡ ಮಾಡಿದೆ" ಎಂದು ಪಿಸುಗುಟ್ಟಿದ. "ಇದನ್ನ ಬಿಟ್ಟುಬಿಡು. ಕೋವಿ ಕೈಕೊಟ್ರೆ ಮತ್ತೊಮ್ಮೆ ಹೊಡೀಬಹುದು ಅಂತ ಮಾತಾಗಿದೆ. ಕೇಳು, ಯಾರೂ ಇಲ್ಲ ಅನ್ನಲ್ಲ."

ಯಾರೂ ಇಲ್ಲ ಅನ್ನುತ್ತಿರಲಿಲ್ಲ, ನಿಜ. ಕೇಳಿಬಿಟ್ಟರೆ ಮುಗಿಯಿತು, ಇನ್ನೊಮ್ಮೆ ಹೊಡೆದು, ಮೀಸೆಯೋ ದಿಂಬೋ ಹೇಳಿ, ಮನೆಗೆ ಹೋಗಬಹುದು. ಈ ಫಿಲ್ಮಿನ ಮೇಲೆ ಬಾಯಿಬಿಟ್ಟು ತಪ್ಪಿದರೆ ಬೆಳಗಿನಿಂದ ಗೆದ್ದದ್ದೆಲ್ಲ ಅದೃಷ್ಟ ಎಂದಾಗುತ್ತದೆ, ಹಾಲು ಹೋಗುತ್ತದೆ.

ಅವಳ ಬಾಯಿ "ಮತ್ತೊಮ್ಮೆ" ಎನ್ನಲು ತೆರೆದೇ ಇತ್ತು. ಆದರೆ ಕಣ್ಣು ಫಿಲ್ಮನ್ನು ಬಿಡಲಿಲ್ಲ. ಕೋವಿ ತಡವಾದಾಗಿನ ಫೋಟೋಗಳನ್ನು ಅವಳು ಕಳೆದ ವಾರಗಳಲ್ಲಿ ಸಾಕುಸಾಕೆನ್ನುವಷ್ಟು ನೋಡಿದ್ದಳು. ಆಗಲೂ ಗೋಡೆ ಎಡಕ್ಕೆ ಸರಿಯುತ್ತಿತ್ತು, ಆದರೆ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗಿರುತ್ತಿತ್ತು. ಇದು ನೆಟ್ಟಗಿರಲಿಲ್ಲ. ಬಾಗಿತ್ತು. ಗಾಳಿ ತುಂಬಿದ ಹಾಯಿಯಂತೆ ಎಡಕ್ಕೆ ಉಬ್ಬಿತ್ತು. ಬಲಗಡೆಯಿಂದ ಬಂದ ಹರಿವು ಬಿಗಿಯಾಗಿ, ದಟ್ಟವಾಗಿತ್ತು. ಎಡಗಡೆಯದು ನೀರು ಹೆಚ್ಚಾದ ಹಿಟ್ಟಿನಂತೆ ಅಗಲಕ್ಕೆ ಹರಡಿಕೊಂಡಿತ್ತು. ಕೋವಿ ತಡವಾದರೆ ಹರಿವು ತಡವಾಗಿ ಬರುತ್ತದೆ, ಹೀಗೆ ಹರಡುವುದಿಲ್ಲ. ಹರಿವು ಹರಡುವುದು ಯಾವಾಗ? ಅದನ್ನು ಚಳಿಗಾಲಕ್ಕೆ ಮುಂಚೆ ಇದೇ ಮನುಷ್ಯ ಸೆಮಿನಾರಿನಲ್ಲಿ ಅವಳಿಗೆ ಪಾಠ ಮಾಡಿ ಕೂರಿಸಿದ್ದರಲ್ಲ.

ಇಂಥ ಫೋಟೋ ಅವಳು ಈವರೆಗೆ ಕಂಡಿರಲಿಲ್ಲ. ಕಂಡಿರದಿದ್ದರೂ ಅದು ಹೀಗೇ ಇರಬೇಕು ಎಂದು ಮೈಯೆಲ್ಲ ಹೇಳತೊಡಗಿತು. ಬಲಗಡೆಯದು ಕ್ಷೇತ್ರದ ದಿಂಬು ಹಿಡಿದು ಬಂದಿದೆ, ಎಡಗಡೆಯದು ಬರಿಗೈಲಿ ಬಂದಿದೆ.

"ಅಗ್ನಿಯಾ, ಕೇಳೇ..." ಎಂದ ದಾಶಿ.

"ಸುಮ್ಮನಿರು."

ಅವಳು ಜನರ ಕಡೆ ತಿರುಗಿದಳು. ದನಿ ತನ್ನದೇ ಎಂದು ಅವಳಿಗೇ ಅನ್ನಿಸದಷ್ಟು ನಿರಾಳವಾಗಿತ್ತು.

"ಇದು ಮೀಸೆಯಲ್ಲ, ದಿಂಬೂ ಅಲ್ಲ. ಕೋವಿ ಕೆಟ್ಟಿಲ್ಲ. ಎಡಗಡೆ ಸುರುಳಿಗೆ ವಿದ್ಯುತ್ತೇ ಹೋಗಿಲ್ಲ. ಇನ್ನೊಕೆಂತಿ ಪ್ಲತೋನೊವಿಚ್, ನೀವು ಅದರ ತಂತಿ ಕಳಚಿದೀರಿ."

ಕಬ್ಬಿಣದ ಬಾಗಿಲು ತೆರೆಯಿತು. ಮೊದಲು ಬಂದವರು ಸೆರಾಫಿಮಾ ಗ್ರಿಗೊರ್ಯೆವ್ನಾ, ಕೆನ್ನೆ ಕೆಂಪಾಗಿತ್ತು.

"ನಾನು ಬೇಡ ಅಂದೆ! ಇದು ಮೋಸ, ಹೀಗೆ ಮಾತಾಗಿರಲಿಲ್ಲ ಅಂದೆ. ಕೇಳಲಿಲ್ಲ ಇವರು. ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ?"

ಅವರ ಹಿಂದೆ ವರಾಕ್ಸಿನ್. ಬಲಗೈಯಲ್ಲಿ ಕಳಚಿದ ತಾಮ್ರದ ತಂತಿ. ಅವರು ನೇರ ಕಿಟಕಿಗೆ ಬಂದು, "ಕೊಡಿ" ಎಂದು ಫಿಲ್ಮ್ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ ನೋಡಿದರು. ತೊಟ್ಟಿಕ್ಕುವ ನೀರು ಅಂಗಿಯ ತೋಳಿನೊಳಗೆ ಇಳಿಯುತ್ತಿದ್ದರೂ ಪರಿವೆಯಿಲ್ಲ. ತುಟಿ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಹಿಂದೆ ಕರಿಹಲಗೆಯ ಮುಂದೆ ನಿಂತಾಗಲೂ ಅವರ ತುಟಿ ಹೀಗೇ ಅಲ್ಲಾಡುತ್ತಿತ್ತು.

"ಬಾಗಿದೆ" ಎಂದರು ಕೊನೆಗೆ.

"ಬಾಗಲೇಬೇಕು. ಆ ಕಡೆ ಒರಗೋಕೆ ಏನೂ ಇಲ್ಲ."

"ಇಲ್ಲ. ಒರಗೋಕೆ ಏನೂ ಇಲ್ಲ ನೋಡಿ!" ಅವರು ಥಟ್ಟನೆ ಸಭೆಯತ್ತ ತಿರುಗಿದರು. ಆ ದೊಡ್ಡ ದನಿಗೆ ಮುಂದಿನ ಸಾಲಿನವರು ಹಿಂದೆ ಸರಿದರು. "ಸಂಗಾತಿಗಳೇ, ಇದೇ ಜನರ ಮುಂದೆ ನಾನು ಒಂದು ತಮಾಷೆ ಮಾಡಿದ್ದೆ. ನೀವೆಲ್ಲ ಚೆನ್ನಾಗಿ ನಕ್ಕಿರಿ. ನನಗೂ ಆ ತಮಾಷೆ ಬಲು ಇಷ್ಟ ಆಗಿತ್ತು. ಅದು ಸುಳ್ಳು. ಧೂಳೂ ಇಲ್ಲ, ಎಣ್ಣೇನೂ ಇಲ್ಲ. ಕಾಂತಕ್ಷೇತ್ರ ಹೊತ್ತ ಹರಿವುಗಳು ಡಿಕ್ಕಿ ಹೊಡೆಯುತ್ತವೆ. ನನ್ನ ಲೆಕ್ಕದಲ್ಲಿ ಕ್ಷೇತ್ರ ಸಣ್ಣದು ಅಂತ ಒಂದು ಸಾಲಲ್ಲಿ ಬಿಟ್ಟುಬಿಟ್ಟಿದ್ದೆ. ಅದು ಸಣ್ಣದಲ್ಲ, ಇಡೀ ಆಟವೇ ಅದರದ್ದು. ಅಗ್ನಿಯಾ ಲ್ವೋವ್ನಾ ಸರಿ, ನಾನು ತಪ್ಪು. ಹಿಂದಿನ ಸಾಲಿಗೆ ಕೇಳಿಸ್ತಾ?"

"ಕೇಳಿಸ್ತು!" ಎಂದು ಹಿಂದಿನ ಸಾಲು ಗರ್ಜಿಸಿತು.

ಆಮೇಲೆ ಹಾಲೇ ಎದ್ದು ನಿಂತಿತು. ಚಪ್ಪಾಳೆ ಉಕ್ಕಿನ ಪೀಪಾಯಿಗೆ ಬಡಿದು ಇಮ್ಮಡಿಯಾಯಿತು. ದಾಶಿ ಅವಳನ್ನು ಸೊಂಟ ಹಿಡಿದು ಎತ್ತಿ ಗಿರ್ರನೆ ಒಂದು ಸುತ್ತು ಸುತ್ತಿಸಿದ. "ಇಳ್ಸೋ, ಬೀಳ್ತೀನಿ!" ಎಂದು ಅವಳು ಅವನ ತಲೆಗೆ ಬಡಿಯುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಸಸ್ಯಶಾಸ್ತ್ರದವನೊಬ್ಬ ಎಲ್ಲಿಂದಲೋ ಶಾಂಪೇನ್ ಶೀಷೆ ತಂದ. ಗ್ಲಾಸು ಸಾಲದೆ ಪ್ರಯೋಗಶಾಲೆಯ ಅಳತೆ ಲೋಟಗಳಲ್ಲೇ ಸುರಿದರು.

ಗದ್ದಲದ ನಡುವೆ ಸೆರಾಫಿಮಾ ಗ್ರಿಗೊರ್ಯೆವ್ನಾ ಹತ್ತಿರ ಬಂದು ಅವಳ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು: "ಲೋಹದವರಿಗೆ ಬೇರೆ ಜಾಗ ಹುಡುಕ್ತೀನಿ. ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ."

ಜನ ಚದುರಿದ ಮೇಲೆ ಅಗ್ನಿಯಾ ಮನೆಗೆ ಫೋನು ಮಾಡಿದಳು.

"ಗೆದ್ದೆ ಅಮ್ಮ."

ಆಚೆಯಿಂದ ಮೂಗು ಒರೆಸಿಕೊಂಡ ಸದ್ದು. "ಊಟಕ್ಕೆ ಎಷ್ಟು ಜನಾನ ಕರ್ಕೊಂಡು ಬರ್ತೀಯ, ಅದು ಹೇಳು ಮೊದ್ಲು."

ಉತ್ತರ ಕೊಡಲು ಹಾಲಿನೊಳಗೆ ತಿರುಗಿ ನೋಡಿದಳು. ಹಾಲಿನ ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ವರಾಕ್ಸಿನ್ ಕೋಟು ಕಳಚಿ ಪೀಪಾಯಿಯ ಪಕ್ಕ ನೆಲದ ಮೇಲೇ ಮಂಡಿಯೂರಿ, ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಸಮೀಕರಣ ಬರೆಯುತ್ತಿದ್ದರು. ಒಂದು ಸಾಲು ಬರೆದು ಅಂಗೈಯಲ್ಲಿ ಅಳಿಸಿದರು, ಮತ್ತೆ ಬರೆದರು.

"ಅಗ್ನಿಯಾ ಲ್ವೋವ್ನಾ!" ಎಂದು ತಲೆಯೆತ್ತದೆ ಕೂಗಿದರು. "ಎಡಗಡೆ ವಿದ್ಯುತ್ತನ್ನ ಪೂರ್ತಿ ತೆಗೀದೆ ಅರ್ಧ ಮಾಡಿದ್ರೆ? ಗೋಡೆ ಎಷ್ಟು ಬಾಗಬಹುದು ಅಂತೀರಿ?"

"ನೀವು ಹೇಳಿ."

"ನಾನು ಹೇಳಲ್ಲ. ಇವತ್ತು ಸಾಕಷ್ಟು ಹೇಳಿದೀನಿ. ನೋಡೋಣ."

ಅವಳು ಫೋನಿನಲ್ಲಿ, "ಮೂರು ಜನ ಅಮ್ಮ, ಆದ್ರೆ ತಡ ಆಗುತ್ತೆ" ಎಂದು ಇಟ್ಟುಬಿಟ್ಟಳು. ದಾಶಿ ಆಗಲೇ ಕೋಲು ಹಿಡಿದು ಕಬ್ಬಿಣದ ಬಾಗಿಲಿನ ಕಡೆ ಹೊರಟಿದ್ದ. ಅಗ್ನಿಯಾ ಕ್ಯಾಮೆರಾಗೆ ಹೊಸ ಫಿಲ್ಮ್ ಹಾಕಿದಳು. ಜಗತ್ತಿನಲ್ಲಿ ಯಾರೂ ಇನ್ನೂ ನೋಡದ ಚಿತ್ರ ಅದರಲ್ಲಿ ಮೂಡಲಿತ್ತು. ಅವಳಿಗೆ ಹಸಿವೂ ಇರಲಿಲ್ಲ, ದಣಿವೂ ಇರಲಿಲ್ಲ.

"ತುಂಬು ದಾಶಿ" ಎಂದಳು.

ಕೆಪಾಸಿಟರ್‌ಗಳು ಗುಂಯ್‌ಗುಟ್ಟತೊಡಗಿದವು.